ಕಪಾಟಿನ ಕೀಲಿಕೈ

ಕೃಷ್ಣೆ ಮಲಪ್ರಭೆಯರು ಕೂಡುವ ಸಂಗಮದ ಸೀಮೆಯವರಾದ ನಮಗೆ ‘ಭಂಡಾರಿ’ ಎಂಬ ಮಾತು ಕಿವಿಗೆ ಬಿದ್ದೊಡನೆ ಬಸವಣ್ಣನವರ ನೆನಪಾಗುವುದು ಸಹಜ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಅವರ ಮೇಲೆ ಕೊಂಡೆಯರು ದೂರು ಹೇಳಿದರೆಂದೂ, ಅರಸನ ಹೊನ್ನನ್ನು ಜಂಗಮರಿಗೆ ಹಂಚಿ ಬರಿದು ಮಾಡಿದ್ದಾನೆಂದು ಆಪಾದಿಸಿದರೆಂದೂ, ಅರಸನು ಲೆಕ್ಕ ಹಾಕಿಸಿ ನೋಡಿದಾಗ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂದೂ ನಮ್ಮ ಪುರಾಣಗಳು ಹೇಳುತ್ತವೆ. ಈ ಕಥೆಯನ್ನು ನಾನು ಪ್ರತಿವರ್ಷವೂ ಒಂಬತ್ತನೆಯ ವರ್ಗದಲ್ಲಿ ಹೇಳುವುದುಂಟು. ಹೇಳುವಾಗ ಮಕ್ಕಳ ಮುಖ ಅರಳುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ಹೀಗೆಯೇ ಹೇಳಿ ಮುಗಿಸಿದಾಗ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: “ಸರ, ಹಂಚಿದರೂ ಕಡಿಮಿ ಆಗಲಿಲ್ಲಂದ್ರ, ನಮ್ಮ ಸಾಲಿ ಪುಸ್ತಕದ ಕಪಾಟಿಗೆ ಯಾಕ ಕೀಲಿ ಹಾಕೀರಿ?”

ಆ ಕಪಾಟಿನ ಕೀಲಿಕೈ ಆಗ ನನ್ನ ಕಿಸೆಯಲ್ಲಿಯೇ ಇತ್ತು.

ಹುಡುಗಿಗೆ ಏನೋ ಒಂದು ಸಮಾಧಾನ ಹೇಳಿ ಕುಳ್ಳಿರಿಸಿದೆ. ಆದರೆ ಪ್ರಶ್ನೆ ನನ್ನ ಜೊತೆಗೆ ಮನೆಗೆ ಬಂದಿತು. ಮಕ್ಕಳ ಕೈಗೆ ಪುಸ್ತಕ ಕೊಡುವ ಕೆಲಸವನ್ನು ನಮ್ಮ ನಾಡಿನಲ್ಲಿ ಯಾರು ಮಾಡುತ್ತ ಬಂದಿದ್ದಾರೆ? ಆ ಕೆಲಸವನ್ನು ಅವರಿಗೆ ಕಲಿಸಿದವರಾರು? ತಿಳಿಯದೆ ಹೋದಾಗ ಅವರು ಯಾರನ್ನು ಕೇಳಿದರು? ಈ ಮೂರು ಮಾತುಗಳ ಬೆನ್ನು ಹತ್ತಿ ಹಲವು ವರ್ಷ ಓದಿದ್ದರಲ್ಲಿ ಕೆಲವನ್ನು ಇಲ್ಲಿ ವಾಚಕರ ಮುಂದೆ ಇಡುತ್ತೇನೆ.

ಹಳೆಯ ಕಾಲದಿಂದ ಹೊರಡುವುದಾದರೆ ಮೊದಲು ನೆನೆಯಬೇಕಾದುದು ಕಲಬುರ್ಗಿ ಜಿಲ್ಲೆಯ ಚಿತ್ತಾಪುರದ ಹತ್ತಿರದ ನಾಗಾವಿಯ ಶಾಸನವನ್ನು. 1058ರ ಆ ಶಾಸನದಲ್ಲಿ ಒಂದು ಘಟಿಕಾಸ್ಥಾನದ ವ್ಯವಸ್ಥೆಯ ವಿವರವಿದೆ. ವೇದ ಹೇಳಿಕೊಡಲು ಮೂವರು, ಶಾಸ್ತ್ರ ಹೇಳಿಕೊಡಲು ಮೂವರು. ಅವರೊಡನೆ ಆರು ಮಂದಿ ಸರಸ್ವತೀ ಭಂಡಾರಿಗರು. ಅಧ್ಯಾಪಕರು ಎಷ್ಟು ಮಂದಿಯೋ ಪುಸ್ತಕ ನೋಡಿಕೊಳ್ಳುವವರೂ ಅಷ್ಟೇ ಮಂದಿ! ಇಂದಿನ ಯಾವ ಪ್ರೌಢಶಾಲೆಯ ಮುಖ್ಯಾಧ್ಯಾಪಕರಿಗಾದರೂ ಈ ಲೆಕ್ಕವನ್ನು ಹೇಳಿ ನೋಡಿ, ನಕ್ಕುಬಿಡುತ್ತಾರೆ. ಇನ್ನೊಂದು ಮಾತನ್ನೂ ಗಮನಿಸಬೇಕು. ಆರು ಮಂದಿ ಒಂದೆಡೆಯಲ್ಲಿದ್ದರು ಎಂದ ಮೇಲೆ ಒಬ್ಬನಿಗೆ ತಿಳಿಯದ್ದನ್ನು ಇನ್ನೊಬ್ಬನಿಗೆ ಕೇಳುವ ಅನುಕೂಲವಿತ್ತು. ಓಲೆಗೆ ಹುಳು ಬಿದ್ದರೆ ಏನು ಮಾಡಬೇಕು, ಎರವಲು ಹೋದ ಕಟ್ಟು ಬಾರದಿದ್ದರೆ ಯಾರಿಗೆ ಹೇಳಬೇಕು ಎಂಬುದನ್ನು ಹಿರಿಯ ಭಂಡಾರಿಗನು ಕಿರಿಯನಿಗೆ ಹೇಳಿಕೊಟ್ಟಿರಲೇಬೇಕು. ಒಂಟಿ ಭಂಡಾರಿಯ ಸಂಕಟ ಆ ಆರು ಜನರಿಗೆ ಇರಲಿಲ್ಲವೆಂದು ನಾನು ಊಹಿಸುತ್ತೇನೆ.

ಆದರೆ ಅಲ್ಲಿ ಓದುತ್ತಿದ್ದವರು ಬೆಳೆದ ವಿದ್ಯಾರ್ಥಿಗಳು. ನಾವು ಹೇಳುವ ಅರ್ಥದ ಮಕ್ಕಳಲ್ಲ. ಮಕ್ಕಳ ಪಾಠವೆಲ್ಲ ಬಾಯಿಪಾಠ. ನಮ್ಮ ಅಜ್ಜಂದಿರ ಗಾಂವಟಿ ಶಾಲೆಯವರೆಗೂ ಉಸುಕಿನ ಮೇಲೆ ಅಕ್ಷರ ತಿದ್ದುವುದು, ಮಗ್ಗಿ ಒಪ್ಪಿಸುವುದು, ಇಷ್ಟೇ. ಮಗುವಿನ ಕೈಯಲ್ಲಿ ಅದರದೇ ಆದ ಪುಸ್ತಕ ಎಂಬ ವಿಚಾರ ಅಚ್ಚಿನ ಯಂತ್ರದ ಬೆನ್ನಿಗೆ ಬಂದುದು.

ಆ ಅಚ್ಚಿನ ಕಾಲದಲ್ಲಿ ನಮ್ಮ ಮುಂಬಯಿ ಕರ್ನಾಟಕದಲ್ಲಿ ನಡೆದ ಒಂದು ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ. ಡೆಪ್ಯುಟಿ ಚನ್ನಬಸಪ್ಪನವರ ಹೆಸರನ್ನು ಈ ಕಡೆಯ ಶಿಕ್ಷಕರು ಯಾರೂ ಮರೆಯಲಾರರು. ಮರಾಠಿಯ ದಟ್ಟ ನೆರಳಿನಲ್ಲಿ ಕನ್ನಡ ಶಾಲೆಗಳನ್ನು ತೆರೆಯಿಸಿದ ಪುಣ್ಯಾತ್ಮರು ಅವರು. 1865ರಲ್ಲಿ ಅವರು ಬೆಳಗಾಂವಿಯಿಂದ ‘ಮಠಪತ್ರಿಕೆ’ಯನ್ನು ಹೊರಡಿಸಿದರು. ಅದು ಶಾಲೆಯ ಮಾಸ್ತರರಿಗಾಗಿಯೇ ಇದ್ದ ಪತ್ರಿಕೆ. ಮುಂದೆ ವೆಂಕಟ ರಂಗೋ ಕಟ್ಟಿಯವರ ಕಾಲದಲ್ಲಿ ಅದು ‘ಶಾಲಾಪತ್ರಿಕೆ’ಯೆನಿಸಿತು, ಇಂದಿಗೂ ‘ಜೀವನ ಶಿಕ್ಷಣ’ ಎಂಬ ಹೆಸರಿನಿಂದ ಧಾರವಾಡದಿಂದ ಬರುತ್ತಿದೆ. ಹಳ್ಳಿಯ ಮಾಸ್ತರನೆಂದರೆ ಎಂಥವನು? ಹತ್ತು ಹರದಾರಿಯಲ್ಲಿ ತನ್ನಂಥ ಇನ್ನೊಬ್ಬನಿಲ್ಲದವನು. ತಾನು ಮಾಡುತ್ತಿರುವುದು ಸರಿಯೋ ತಪ್ಪೋ ಎಂದು ಕೇಳಿಕೊಳ್ಳಲು ಅವನಿಗೆ ಜೊತೆಯಿರಲಿಲ್ಲ. ಆ ಜೊತೆಯನ್ನು ಟಪಾಲಿನ ಮೂಲಕ ಒದಗಿಸಿಕೊಟ್ಟುದು ಚನ್ನಬಸಪ್ಪನವರ ದೊಡ್ಡ ಉಪಕಾರ. ನಮ್ಮ ಕಡೆ ಮಕ್ಕಳ ಪುಸ್ತಕಗಳನ್ನು ಕಾದವನು ಬಹುಕಾಲ ಈ ಮಾಸ್ತರನೇ ಆಗಿದ್ದುದರಿಂದ, ಮಕ್ಕಳ ಗ್ರಂಥಭಂಡಾರಿಯ ಚರಿತ್ರೆಯೂ ಇಲ್ಲಿಂದಲೇ ಆರಂಭವಾಗುತ್ತದೆ ಎಂದು ನಾನು ತಿಳಿಯುತ್ತೇನೆ.

ಅತ್ತ ಅಮೇರಿಕದಲ್ಲಿ ಇದೇ ಒಂಟಿತನಕ್ಕೆ ಬೇರೊಂದು ಬಗೆಯ ಮದ್ದು ಹುಡುಕಿದರು. ಹಾರ್ಟ್‌ಫರ್ಡ್ ಎಂಬ ಊರಿನ ಗ್ರಂಥಪಾಲೆ ಕ್ಯಾರೊಲಿನ್ ಹ್ಯೂವಿನ್ಸ್ ಎಂಬಾಕೆ 1882ರಲ್ಲಿ ಇಪ್ಪತ್ತೈದು ಗ್ರಂಥಾಲಯಗಳಿಗೆ ಪತ್ರ ಬರೆದು, ಹುಡುಗ ಹುಡುಗಿಯರಿಗೆ ಒಳ್ಳೆಯ ಓದಿನ ರುಚಿ ಹತ್ತಿಸಲು ನೀವೇನು ಮಾಡುತ್ತಿದ್ದೀರಿ ಎಂದು ಕೇಳಿದಳು. ಬಂದ ಉತ್ತರಗಳನ್ನು ಕೂಡಿಸಿ ಅಲ್ಲಿಯ ಗ್ರಂಥಾಲಯ ಸಂಘದ ಮುಂದೆ ಒಪ್ಪಿಸಿದಳು. ಹದಿನೆಂಟು ವರ್ಷಗಳ ನಂತರ, 1900ರಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ ಆ ಸಂಘದ ಸಮ್ಮೇಳನ ಸೇರಿದಾಗ ಮಕ್ಕಳ ವಿಭಾಗ ನೋಡಿಕೊಳ್ಳುವವರು ಕೆಲವರು ಬೇರೆಯಾಗಿ ಕುಳಿತು ತಮ್ಮದೇ ಒಂದು ಕೂಟ ಕಟ್ಟಿಕೊಂಡರು. ಅದಕ್ಕೆ ಮೊದಲ ಅಧ್ಯಕ್ಷೆ ಆನ್ ಕ್ಯಾರಲ್ ಮೂರ್. ಮುಂದೆ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಮಕ್ಕಳ ಓದಿನ ವ್ಯವಸ್ಥೆಯನ್ನು ಕಟ್ಟಿ ಹೆಸರಾದಾಕೆ. ಮರುವರ್ಷ ಆ ಕೂಟವೇ ದೊಡ್ಡ ಸಂಘದ ಒಂದು ಶಾಖೆಯಾಯಿತು. ಸುಮಾರು ಅದೇ ಹೊತ್ತಿಗೆ ಪಿಟ್ಸ್‌ಬರ್ಗಿನಲ್ಲಿ ಫ್ರಾನ್ಸಿಸ್ ಆಲ್ಕಾಟ್ ಎಂಬಾಕೆ ಮಕ್ಕಳ ಗ್ರಂಥಪಾಲರಿಗೆಂದೇ ತರಬೇತಿಯ ಶಾಲೆಯನ್ನು ನಡೆಸತೊಡಗಿದಳು. ಮೊದಲು ಪತ್ರ, ಆಮೇಲೆ ಕೂಟ, ಆಮೇಲೆ ಶಾಲೆ. ಈ ಅನುಕ್ರಮವನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮಲ್ಲಿ ಅದು ತಲೆಕೆಳಗಾಗಿ ನಡೆಯಿತು.

ಭಾರತದಲ್ಲಿ ಮೊದಲು ಕಣ್ಣು ತೆರೆದವರು ಬಡೋದೆಯ ಸಯಾಜಿರಾವ ಗಾಯಕವಾಡರು. ಅಮೇರಿಕದ ಬೋರ್ಡನ್ ಎಂಬುವರನ್ನು 1910ರಲ್ಲಿ ಕರೆಯಿಸಿ ಸಂಸ್ಥಾನದ ಉದ್ದಗಲಕ್ಕೂ ಗ್ರಂಥಾಲಯಗಳನ್ನು ಹಬ್ಬಿಸಿದರು. ಗ್ರಂಥಪಾಲರಿಗೆ ವರ್ಗಗಳನ್ನು ನಡೆಸಿದರು. ಇಂಗ್ಲಿಷ್, ಗುಜರಾತಿ, ಮರಾಠಿಗಳಲ್ಲಿ ಅವರಿಗಾಗಿ ಪತ್ರಿಕೆಯನ್ನೂ ತೆಗೆದರು. ಅರಸನ ಮನಸ್ಸಿದ್ದಲ್ಲಿ ಹಾದಿ ಬೇಗ ಸವೆಯುತ್ತದೆ.

ಅರಸನಿಲ್ಲದ ಕಡೆ ಆ ಕೆಲಸ ಮಾಡಿದವರು ಶಿಯಾಳಿ ರಾಮಾಮೃತ ರಂಗನಾಥನ್ನರು. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲರಾಗಿ ಲಂಡನ್ನಿಗೆ ಕಲಿಯಲು ಹೋದರು. ಅಲ್ಲಿ ಅವರಿಗೆ ಗುರುಗಳಾಗಿ ದೊರೆತವರು ಕ್ರಾಯ್ಡನ್ ಊರಿನ ಗ್ರಂಥಾಲಯದ ಮುಖ್ಯಸ್ಥ ಬೆರ್ವಿಕ್ ಸೇಯರ್ಸ್. ಮಕ್ಕಳ ಗ್ರಂಥಾಲಯಗಳ ಮೇಲೆಯೇ ಗ್ರಂಥ ಬರೆದವರು. ಶಿಷ್ಯರು ಮರಳಿ ಬಂದ ಮೇಲೆ 1928ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘ ಹುಟ್ಟಿತು. ಅದೇ ವರ್ಷದ ಡಿಸೆಂಬರದಲ್ಲಿ ಚಿದಂಬರದ ಬಳಿ ಒಂದು ಶಿಕ್ಷಣ ಪರಿಷತ್ತಿನಲ್ಲಿ ಅವರು ತಮ್ಮ ಪ್ರಸಿದ್ಧವಾದ ಐದು ಸೂತ್ರಗಳನ್ನು ಮೊದಲ ಸಲ ವಿವರಿಸಿದರು. ಕೇಳುತ್ತ ಕುಳಿತವರು ಶಿಕ್ಷಕರು ಎಂಬುದನ್ನು ನಾನು ಅಭಿಮಾನದಿಂದ ಬರೆಯುತ್ತೇನೆ. ಪುಸ್ತಕವಿರುವುದು ಬಳಕೆಗೆ, ಕಾಪಿಡುವುದಕ್ಕಲ್ಲ ಎಂಬುದು ಆ ಐದರಲ್ಲಿ ಮೊದಲನೆಯದರ ತಾತ್ಪರ್ಯ. ಮರುವರ್ಷವೇ ಸಂಘದಿಂದ ತರಬೇತಿಯ ವರ್ಗಗಳು ನಡೆದವು. 1931ರಲ್ಲಿ ಮನ್ನಾರ್ಗುಡಿಯಿಂದ ಎತ್ತಿನ ಬಂಡಿಯಲ್ಲಿ ಪುಸ್ತಕ ಹೇರಿಕೊಂಡು ಹಳ್ಳಿಗಳಿಗೆ ಹೊರಟ ಗ್ರಂಥಾಲಯದ ಸಂಗತಿಯನ್ನು ನಾನು ತರಗತಿಯಲ್ಲಿ ಹೇಳಿದಾಗ, ಆ ಎತ್ತುಗಳ ಹೆಸರೇನು ಎಂದು ಒಬ್ಬ ರೈತನ ಮಗ ಕೇಳಿದ. ಅದು ಯಾವ ಪುಸ್ತಕದಲ್ಲಿಯೂ ನನಗೆ ಸಿಗಲಿಲ್ಲ.

ನಮ್ಮ ಬಿಜಾಪುರ ಜಿಲ್ಲೆಯ ಪರಿಸ್ಥಿತಿಯೇ ಬೇರೆ. ಬಾಗಲಕೋಟೆ, ಬಾದಾಮಿ, ಹುನಗುಂದಗಳು ಮುಂಬಯಿ ಇಲಾಖೆಯ ದಕ್ಷಿಣ ಭಾಗದಲ್ಲಿದ್ದ ತಾಲೂಕುಗಳು. ಇಳಕಲ್ಲ ಆಗ ಹುನಗುಂದ ತಾಲೂಕಿನ ನೇಕಾರರ ಪೇಟೆ; ಅಲ್ಲಿಂದ ಕೆಲವು ಮೈಲು ಆಚೆಗೆ ನಿಜಾಮ ಸೀಮೆ. 1906ರಲ್ಲಿ ಬಾಗಲಕೋಟೆಯಲ್ಲಿ ಬಸವೇಶ್ವರ ವಿದ್ಯಾವರ್ಧಕ ಸಂಘ, 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರ ಹುಟ್ಟಿ ವಿದ್ಯೆಯ ಗಾಳಿ ಬೀಸಿತು, ನಿಜ. ಪೇಟೆಯ ಊರುಗಳಲ್ಲಿ ವಾಚನಾಲಯಗಳೂ ಎದ್ದವು. ಆದರೆ ಅವು ದೊಡ್ಡವರವು. ವೃತ್ತಪತ್ರಿಕೆ ಓದುವ ವಕೀಲರು, ವರ್ತಕರು, ಪೆನ್ಶನ್ನಿನವರು ಅಲ್ಲಿಯ ಬಾಕುಗಳ ಮೇಲೆ ಕುಳಿತಿದ್ದರೆ ಹುಡುಗನಾದವನು ಹೊಸ್ತಿಲು ತುಳಿಯುವ ಧೈರ್ಯ ಮಾಡುತ್ತಿರಲಿಲ್ಲ. ಹುಡುಗಿಯ ಮಾತಂತೂ ದೂರವೇ ಉಳಿಯಿತು.

1939ರಲ್ಲಿ ಮುಂಬಯಿ ಸರಕಾರವು ಎ. ಎ. ಎ. ಫೈಜಿಯವರ ಅಧ್ಯಕ್ಷತೆಯಲ್ಲಿ ಗ್ರಂಥಾಲಯ ಸಮಿತಿಯನ್ನು ನೇಮಿಸಿತು. 1940ರ ಅವರ ವರದಿಯಲ್ಲಿ ಮುಂಬಯಿಯ ಕೇಂದ್ರ ಗ್ರಂಥಾಲಯದಿಂದ ಹಿಡಿದು ಪ್ರಾಂತ, ಜಿಲ್ಲೆ, ತಾಲೂಕುಗಳನ್ನು ದಾಟಿ ಹಳ್ಳಿಯವರೆಗೆ ಮೆಟ್ಟಿಲು ಮೆಟ್ಟಿಲಾದ ಯೋಜನೆಯಿತ್ತು. ಯುದ್ಧದ ಗದ್ದಲದಲ್ಲಿ ಅದು ಕೆಲಕಾಲ ಕಾಗದದ ಮೇಲೆಯೇ ಉಳಿಯಿತು. ನಂತರ ಪುಣೆ, ಅಹಮದಾಬಾದುಗಳ ಜೊತೆಗೆ ಧಾರವಾಡದಲ್ಲಿಯೂ ಒಂದು ಪ್ರಾದೇಶಿಕ ಗ್ರಂಥಾಲಯವಾಯಿತು. ಆದರೆ ಇದೆಲ್ಲ ಸಹಾಯಧನದ ಮೇಲೆ ನಿಂತ ವ್ಯವಸ್ಥೆ, ಕಾಯಿದೆಯ ಮೇಲೆ ನಿಂತದ್ದಲ್ಲ. ನೆರೆಯ ಕೊಲ್ಹಾಪುರ ಸಂಸ್ಥಾನಕ್ಕೆ 1945ರಲ್ಲಿಯೇ ಗ್ರಂಥಾಲಯ ಕಾಯಿದೆ ಬಂದಿತ್ತು. ಮದ್ರಾಸಿನ ಕಡೆಯ ದಕ್ಷಿಣ ಕನ್ನಡದವರಿಗೆ 1948ರ ಕಾಯಿದೆ, ಹೈದರಾಬಾದಿನ ಕಡೆಯ ಕನ್ನಡಿಗರಿಗೆ 1955ರ ಕಾಯಿದೆ. ನಮಗೆ ಮಾತ್ರ ಯಾವುದೂ ಇರಲಿಲ್ಲ. ಅಷ್ಟರಲ್ಲಿ 1951ರಲ್ಲಿ ಯುನೆಸ್ಕೋದ ನೆರವಿನಿಂದ ದಿಲ್ಲಿಯಲ್ಲಿ ಸಾರ್ವಜನಿಕ ಗ್ರಂಥಾಲಯ ತೆರೆದು ಮಕ್ಕಳಿಗೂ ಅಲ್ಲಿ ಸ್ಥಾನ ದೊರೆತಿತ್ತು.

ಏಕೀಕರಣವಾದ ಮೇಲೆ ಈ ಹರಕು ಹೊಲಿಗೆಯನ್ನು ಸರಿಪಡಿಸಬೇಕಾಯಿತು. ರಂಗನಾಥನ್ನರು ಆ ಹೊತ್ತಿಗೆ ಬೆಂಗಳೂರಿನಲ್ಲಿಯೇ ನೆಲೆಸಿದ್ದರು. 1965ರಲ್ಲಿ ಮೈಸೂರು ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಆಯಿತು. 1966ರ ನವೆಂಬರ 1ರಿಂದ ಅದಕ್ಕೊಂದು ಇಲಾಖೆ. ಮನೆಪಟ್ಟಿಯ ಜೊತೆಗೆ ಗ್ರಂಥಾಲಯ ಕರವೂ ಸೇರಿತು. ಅದೇ ದಶಕದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನದ ಪಾಠಗಳು ನಡೆದು, ಈ ಕಡೆಯ ತರುಣರಿಗೆ ಕಲಿಯಲು ದೂರ ಹೋಗುವುದು ತಪ್ಪಿತು. ಹೀಗೆ ನಮಗೆ ಕಾಯಿದೆ ಬಂದಿತು, ಇಲಾಖೆ ಬಂದಿತು, ವಿದ್ಯೆಯೂ ಬಂದಿತು. ಅಮೇರಿಕದಲ್ಲಿ ಎಲ್ಲಕ್ಕಿಂತ ಮೊದಲು ಬಂದಿದ್ದ ಪತ್ರ ಮತ್ತು ಕೂಟ ಮಾತ್ರ ಶಾಲೆಯ ಕಪಾಟಿನವರೆಗೆ ಬರಲಿಲ್ಲ. ಪದವಿ ಪಡೆದ ಗ್ರಂಥಪಾಲರು ಕಾಲೇಜಿಗೆ, ಜಿಲ್ಲಾ ಗ್ರಂಥಾಲಯಕ್ಕೆ ಹೋದರು. ಮಕ್ಕಳ ಪುಸ್ತಕಗಳು ಉಳಿದುದು ನಮ್ಮಂಥವರ ಕೈಯಲ್ಲಿ. ವರ್ಗದ ಪಾಠ, ಹಾಜರಿ, ಪರೀಕ್ಷೆಗಳ ಮೇಲೆ “ಗ್ರಂಥಾಲಯದ ಚಾರ್ಜೂ ನೀವೇ ತಗೊಳ್ರಿ” ಎಂದು ಹೇಳಿಸಿಕೊಂಡ ಮಾಸ್ತರರ ಕೈಯಲ್ಲಿ.

ಈಗ ನನ್ನ ಕಥೆಗೆ ಬರುತ್ತೇನೆ. ನಾನು ಕಲಿತ ಪ್ರಾಥಮಿಕ ಶಾಲೆಯಲ್ಲಿ ಒಂದು ಗಾಜಿನ ಕಪಾಟಿತ್ತು. ಒಳಗೆ ಭಾರತ-ಭಾರತಿ ಮಾಲೆಯ ಪುಟ್ಟ ಪುಸ್ತಕಗಳು ಸಾಲಾಗಿ ಕಾಣುತ್ತಿದ್ದವು. ಗಾಜಿಗೆ ಮೂಗು ಒತ್ತಿ ಬೆನ್ನಿನ ಮೇಲಿನ ಹೆಸರುಗಳನ್ನು ಓದಿಯೇ ನಾನು ಮೂರು ವರ್ಷ ಕಳೆದೆ. ಕೀಲಿಕೈ ಮಾಸ್ತರರ ಉಡದಾರದಲ್ಲಿ. ಅವರು ಕೆಟ್ಟವರಲ್ಲ, ಪಾಠ ಹೇಳುವುದರಲ್ಲಿ ಅವರ ಸರಿಸಮ ಇನ್ನೊಬ್ಬರನ್ನು ನಾನು ಕಂಡಿಲ್ಲ. ಬಹಳ ದಿನಗಳ ಮೇಲೆ ತಿಳಿಯಿತು: ಹಿಂದೊಮ್ಮೆ ತಪಾಸಣೆಯಲ್ಲಿ ಹನ್ನೊಂದು ಪುಸ್ತಕ ಕಡಿಮೆ ಬಂದು, ಅವುಗಳ ಬೆಲೆಯನ್ನು ಅವರ ಪಗಾರದಲ್ಲಿ ಮುರಿದುಕೊಂಡಿದ್ದರು. ಮನೆಯಲ್ಲಿ ಐದು ಮಕ್ಕಳು. ಅಂದಿನಿಂದ ಕಪಾಟು ತೆರೆಯಲಿಲ್ಲ.

ನಾನೇ ಶಿಕ್ಷಕನಾಗಿ ಚಾರ್ಜು ತೆಗೆದುಕೊಂಡಾಗ ನನ್ನ ಕೈಗೆ ಬಂದುದು ಒಂದು ಕೀಲಿಕೈ, ಒಂದು ದಾಖಲೆ ಪುಸ್ತಕ ಮತ್ತು 640 ಪುಸ್ತಕಗಳಿಗೆ ನಾನೇ ಜವಾಬುದಾರನೆಂದು ಸಹಿ ಹಾಕಿಸಿಕೊಂಡ ಒಂದು ಹಾಳೆ. ಪುಸ್ತಕವನ್ನು ಮಗುವಿಗೆ ಹೇಗೆ ಕೊಡಬೇಕೆಂದು ಯಾರೂ ಹೇಳಲಿಲ್ಲ. ಕಳೆದರೆ ಏನಾಗುತ್ತದೆಂದು ಎಲ್ಲರೂ ಹೇಳಿದರು. ಗಾಜಿಗೆ ಮೂಗು ಒತ್ತಿ ನಿಂತಿದ್ದ ಹುಡುಗನೇ ಕೀಲಿ ಹಾಕಿದ. ಒಪ್ಪಿಕೊಳ್ಳಲು ನಾಚಿಕೆಯಾದರೂ ಇದು ನಿಜ. 1987ರ ಬಳಿಕ ಕಪ್ಪುಹಲಗೆ ಯೋಜನೆಯಲ್ಲಿ ಪ್ರಾಥಮಿಕ ಶಾಲೆಗಳಿಗೆ ಬಂದ ಪುಸ್ತಕಗಳಲ್ಲಿ ಎಷ್ಟೋ ಇದೇ ಭಯದಿಂದ ಪೆಟ್ಟಿಗೆಯಲ್ಲಿಯೇ ಮುದುಕಾದುದನ್ನು ಈ ಕಡೆಯ ಶಿಕ್ಷಕರು ಬಲ್ಲರು.

ಆ ಹುಡುಗಿಯ ಪ್ರಶ್ನೆಯ ನಂತರ ನಾನು ಮಾಡಿದ್ದು ಸಣ್ಣ ಕೆಲಸ. ಬಾಗಲಕೋಟೆ, ಬಾದಾಮಿ, ಹುನಗುಂದಗಳಲ್ಲಿ ನನ್ನಂತೆಯೇ ಕೀಲಿಕೈ ಹೊತ್ತವರು ಯಾರಿದ್ದಾರೆಂದು ವಿಚಾರಿಸಿ ನಾಲ್ಕು ಕಾರ್ಡು ಬರೆದೆ. ಮೂವರು ಉತ್ತರಿಸಿದರು. ಒಂದು ರವಿವಾರ ಬಾಗಲಕೋಟೆಯಲ್ಲಿ ಕಾಲೇಜಿನ ಗ್ರಂಥಪಾಲರೊಬ್ಬರ ಮನೆಯಲ್ಲಿ ಕೂಡಿದೆವು. ಊರಿನ ಹಳೆಯ ಭಾಗ ಆಲಮಟ್ಟಿಯ ಹಿನ್ನೀರಿಗೆ ಹೋಗಿ, ಜನ ನವನಗರದಲ್ಲಿ ಹೊಸ ಮನೆ ಹೂಡಿದ್ದ ದಿನಗಳು. ಅವರ ಮನೆಯಲ್ಲಿಯೂ ಅರ್ಧ ಪುಸ್ತಕಗಳು ಇನ್ನೂ ಗೋಣಿಚೀಲದಲ್ಲಿದ್ದವು. ಕೂಡಿದವರೆಲ್ಲ ಮೊದಲ ಒಂದು ತಾಸು ಬರಿಯ ಗೋಳು ಹೇಳಿಕೊಂಡೆವು. ಪ್ರತಿಯೊಬ್ಬರೂ ತಾನೊಬ್ಬನೇ ಅಂಜುಬುರುಕ ಎಂದು ತಿಳಿದಿದ್ದರು. ಹುನಗುಂದದ ಅಕ್ಕಾವರು ಒಬ್ಬರು, “ನಾ ಅಂತೂ ಪುಸ್ತಕ ಕಳೀಬಾರದಂತ ಹರಕಿ ಹೊತ್ತೀನ್ರಿ” ಎಂದಾಗ ಎಲ್ಲರೂ ನಕ್ಕೆವು.

ಆಗ ಮನೆಯವರಾದ ಗ್ರಂಥಪಾಲರು ಒಳಗಿನಿಂದ ಒಂದು ಪುಸ್ತಕ ತಂದರು. ಅದು ಕೇಂದ್ರ ಸರಕಾರದ 2005ರ ಸಾಮಾನ್ಯ ಹಣಕಾಸು ನಿಯಮಾವಳಿ. ಅದರಲ್ಲಿ ಗ್ರಂಥಾಲಯದ ಪುಸ್ತಕಗಳ ಬಗೆಗೆ ಒಂದು ನಿಯಮವಿದೆ. ಒಂದು ವರ್ಷದಲ್ಲಿ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಗಳಿಗೆ ಐದು ಕಳೆದರೆ, ಅಪ್ರಾಮಾಣಿಕತೆಯಾಗಲಿ ಅಲಕ್ಷ್ಯವಾಗಲಿ ಇರದಿದ್ದ ಪಕ್ಷದಲ್ಲಿ, ಅದನ್ನು ಸಹಜವಾದ ನಷ್ಟವೆಂದು ಎಣಿಸಬಹುದು. 2017ರ ನಿಯಮಾವಳಿಯಲ್ಲಿಯೂ ಇದು ಹಾಗೆಯೇ ಇದೆ. ಕೇಂದ್ರದ ಕಚೇರಿಗಳ ನಿಯಮ ನಮ್ಮ ಶಾಲೆಗಳನ್ನು ಕಟ್ಟುವುದಿಲ್ಲವೆಂದು ಅವರೇ ಎಚ್ಚರಿಸಿದರು. ಆದರೂ ಬಾದಾಮಿಯ ಗುರುಗಳು ಆ ಸಾಲನ್ನು ಎರಡು ಸಲ ಓದಿಸಿದರು. ಅದರಲ್ಲಿರುವ ಸೂಕ್ಷ್ಮ ನನಗೆ ರಾತ್ರಿ ಬಸ್ಸಿನಲ್ಲಿ ಹೊಳೆಯಿತು. ಸಾವಿರವೆಂದರೆ ಕಪಾಟಿನಲ್ಲಿದ್ದ ಸಾವಿರವಲ್ಲ, ಕೊಟ್ಟ ಸಾವಿರ. ಹೆಚ್ಚು ಕೊಟ್ಟವನಿಗೆ ಹೆಚ್ಚು ವಿನಾಯಿತಿ. ಕೀಲಿ ಹಾಕಿದವನಿಗೆ ಒಂದು ಪುಸ್ತಕದ ವಿನಾಯಿತಿಯೂ ಇಲ್ಲ. ಇಪ್ಪತ್ತು ವರ್ಷ ಪಾಠ ಹೇಳಿದ ಪಂಡಿತನಿಗೆ ಇದು ತಿಳಿದಿರಲಿಲ್ಲ. ತಿಳಿದವರೊಬ್ಬರು ಕೆಲವೇ ಹರದಾರಿ ದೂರದಲ್ಲಿದ್ದರು.

ನಿಯಮದ ನಕಲನ್ನು ನಮ್ಮ ಮುಖ್ಯಾಧ್ಯಾಪಕರ ಮುಂದೆ ಇಟ್ಟೆ. ಒಂದು ವಾರ ಯೋಚಿಸಿ, “ಆಗಲಿ, ನೋಡೂಣು” ಎಂದರು. ಮೊದಲ ವರ್ಷ 1,400 ಸಲ ಪುಸ್ತಕ ಕೊಟ್ಟೆವು, ಆರು ಕಳೆದವು. ಆ ಲೆಕ್ಕದಲ್ಲಿ ಏಳರವರೆಗೆ ಕಳೆಯಬಹುದಿತ್ತು. ನಮ್ಮ ಕೂಟ ಅಲ್ಲಿಂದ ಎರಡು ತಿಂಗಳಿಗೊಮ್ಮೆ ಸೇರುತ್ತ ಬಂದಿದೆ. ಅದಕ್ಕೆ ಹೆಸರಿಲ್ಲ, ವರ್ಗಣಿಯಿಲ್ಲ. ಹರಿದ ಬೆನ್ನಿಗೆ ಮೈದಾದ ಸರಿ ಹಚ್ಚಬಾರದು, ಜಿರಳೆ ಬರುತ್ತದೆ ಎಂದು ಕಲಿತದ್ದು ಅಲ್ಲಿಯೇ. ಓದಲು ಬಾರದ ಏಳನೆಯ ವರ್ಗದ ಹುಡುಗನಿಗೆ ಮೂರನೆಯ ವರ್ಗದ ಪುಸ್ತಕವನ್ನು ಅವಮಾನವಾಗದಂತೆ ಕೊಡುವುದು ಹೇಗೆ ಎಂಬುದನ್ನು ಹುನಗುಂದದ ಅಕ್ಕಾವರು ತೋರಿಸಿಕೊಟ್ಟರು: “ನಿನ್ನ ತಂಗಿಗೆ ಓದಿ ಹೇಳು” ಎಂದು ಅವನ ಕೈಗೆ ಇಡುತ್ತಾರೆ. ಅವನು ಮನೆಯಲ್ಲಿ ನಾಲ್ಕು ಸಲ ಓದಿಯೇ ಬರುತ್ತಾನೆ. ವಿಜಯಪುರದ ಸಿಸು ಸಂಗಮೇಶ, ಶಂ. ಗು. ಬಿರಾದಾರ, ಕಂಚ್ಯಾಣಿ ಶರಣಪ್ಪನವರಂಥ ನಮ್ಮದೇ ಸೀಮೆಯ ಮಕ್ಕಳ ಕವಿಗಳ ಪುಸ್ತಕಗಳನ್ನು ಒಬ್ಬರಿಂದೊಬ್ಬರು ಹುಡುಕಿ ತರಿಸಿಕೊಂಡದ್ದೂ ಈ ಕೂಟದ ಲಾಭವೇ.

ಇತ್ತೀಚಿನ ಒಂದು ಬದಲಾವಣೆಯನ್ನು ಹೇಳದಿದ್ದರೆ ಅನ್ಯಾಯವಾದೀತು. 2019ರಲ್ಲಿ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು. ರಾಜ್ಯದಲ್ಲಿ ಇಂಥವು 5,600ಕ್ಕೂ ಹೆಚ್ಚು. 2020ರ ನವೆಂಬರದಲ್ಲಿ, ಮಹಾಮಾರಿಯಿಂದ ಶಾಲೆಗಳು ಮುಚ್ಚಿದ್ದಾಗ, ‘ಓದುವ ಬೆಳಕು’ ಎಂಬ ಕಾರ್ಯಕ್ರಮದಲ್ಲಿ ಆರರಿಂದ ಹದಿನೆಂಟು ವಯಸ್ಸಿನ ಮಕ್ಕಳಿಗೆ ಅಲ್ಲಿ ಶುಲ್ಕವಿಲ್ಲದೆ ಸದಸ್ಯತ್ವ ಕೊಟ್ಟರು. ಹಳ್ಳಿಯ ಗ್ರಂಥಾಲಯದ ಮೇಲ್ವಿಚಾರಕನೆಂಬ ಬಡ ನೌಕರ ಒಮ್ಮೆಲೆ ಮಕ್ಕಳ ಗ್ರಂಥಪಾಲನಾದ. ಅವನಿಗೆ ಸಿಗುವ ಗೌರವಧನ ಈ ಹೊಣೆಗೆ ತಕ್ಕದ್ದಲ್ಲವೆಂದು ನಾನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಅಂಥ ಇಬ್ಬರು ಈಗ ನಮ್ಮ ಕೂಟಕ್ಕೂ ಬರುತ್ತಾರೆ. ಅವರ ಪ್ರಶ್ನೆಗಳು ನಮ್ಮ ಹಳೆಯ ಪ್ರಶ್ನೆಗಳೇ. ಆದರೆ ಅವರು ಕೇಳಲು ಇಪ್ಪತ್ತು ವರ್ಷ ಕಾಯಬೇಕಾಗಿಲ್ಲ.

ಕಳೆದ ಬೇಸಗೆಯಲ್ಲಿ ಇಳಕಲ್ಲದ ಒಂದು ನೇಕಾರರ ಮನೆಯಿಂದ ನಮ್ಮ ಶಾಲೆಗೆ ಒಂದು ಪುಸ್ತಕ ಮರಳಿ ಬಂದಿತು. ಮೊದಲ ವರ್ಷ ಕಳೆದ ಆರರಲ್ಲಿ ಅದೂ ಒಂದು. ಕಂಡಿಕೆ ಸುತ್ತುವಾಗ ಓದುತ್ತಿದ್ದ ಹುಡುಗ ಈಗ ಎರಡು ಮಕ್ಕಳ ತಂದೆ. ಮನೆ ಸುಣ್ಣ ಬಳಿಯುವಾಗ ಅಟ್ಟದ ಮೇಲೆ ಸಿಕ್ಕಿತಂತೆ. ರಟ್ಟು ಸಡಿಲವಾಗಬಾರದೆಂದು ಯಾರೋ ಸೆರಗಿನ ತುಂಡು ಬಟ್ಟೆಯ ಹೊದಿಕೆ ಹಾಕಿದ್ದರು. ನಷ್ಟವೆಂದು ಬರೆದು, ಸಹಿಯಾಗಿ, ಲೆಕ್ಕದಿಂದ ತೆಗೆದುಹಾಕಿದ ಪುಸ್ತಕ ಮರಳಿ ಬಂದರೆ ದಾಖಲೆಯಲ್ಲಿ ಎಲ್ಲಿ ಬರೆಯಬೇಕು? ಅದಕ್ಕೆ ಅಂಕಣವಿಲ್ಲ. ಮುಂದಿನ ಕೂಟದಲ್ಲಿ ಕೇಳಿದೆ. ಬಾಗಲಕೋಟೆಯ ಗ್ರಂಥಪಾಲರಿಗೂ ತಟ್ಟನೆ ಹೊಳೆಯಲಿಲ್ಲ. ಹುನಗುಂದದ ಅಕ್ಕಾವರೇ, “ಹೊಸಾ ಪುಸ್ತಕದ ಪುಟದಾಗ ಬರೀರಿ ಗುರುಗಳ, ದಾನ ಬಂತಂತ” ಎಂದರು. ಹಾಗೆಯೇ ಬರೆದಿದ್ದೇನೆ.